ಉಂಗುರದ ಅಳತೆ: ಯಾವ ದೇಶದ ಆರು?

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಿಶ್ಚಿತಾರ್ಥ ಗೊತ್ತಾಗಿ, ಉಂಗುರ ಮಾಡಿಸಲು ಹೊರಟಿರುವ ತಂದೆತಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಹೇಳಬೇಕಾದದ್ದು ಒಂದೇ: ಅಕ್ಕಸಾಲಿಗರಿಗೆ ಬರಿಯ ನಂಬರನ್ನು ಹೇಳಬೇಡಿ, ಉಂಗುರದ ಒಳಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಹೇಳಿ.

ಹೀಗೇಕೆನ್ನುತ್ತೇನೆಂದರೆ, ನನ್ನಿಂದಲೇ ಒಮ್ಮೆ ಎಡವಟ್ಟಾಗಿತ್ತು. ಹುಡುಗಿ ಅಮೆರಿಕದಲ್ಲಿದ್ದಳು, ಹುಡುಗನ ಮನೆಯವರು ಮೈಸೂರಿನವರು. ಹುಡುಗನ ತಾಯಿ ನನ್ನ ಅಂಗಡಿಗೆ ಬಂದು, "ಹುಡುಗಿಯದು ಆರನೇ ನಂಬರಂತೆ, ಫೋನಿನಲ್ಲೇ ಕೇಳಿಕೊಂಡೆ" ಎಂದರು. ನಾನು ಮರುಮಾತಿಲ್ಲದೆ ಆರು ಎಂದು ಬರೆದುಕೊಂಡೆ; ತಪ್ಪು ನನ್ನದೇ. ನಿಶ್ಚಿತಾರ್ಥದ ದಿನ ಛತ್ರದಲ್ಲಿ ಪುರೋಹಿತರು ಮುಹೂರ್ತ ಮೀರುತ್ತಿದೆ ಎನ್ನುತ್ತಿದ್ದರೆ, ಉಂಗುರ ಉಗುರು ದಾಟಿ ಮೊದಲ ಗೆಣ್ಣಿನಲ್ಲೇ ನಿಂತುಬಿಟ್ಟಿತು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಬಂತು, ಸಾಬೂನಿನ ನೀರೂ ಬಂತು, ಹುಡುಗಿಯ ಬೆರಳು ಕೆಂಪಾದದ್ದಷ್ಟೇ ಲಾಭ. ಕೊನೆಗೆ ಕಿರುಬೆರಳಿಗೆ ತೊಡಿಸಿ ಫೋಟೋ ತೆಗೆಸಿದರು.

ಆದದ್ದಿಷ್ಟೆ. ನಮ್ಮ ದೇಶದ ನಂಬರಿಗೆ 40 ಕೂಡಿಸಿದರೆ ಒಳಸುತ್ತಳತೆ ಸುಮಾರಾಗಿ ಸಿಗುತ್ತದೆ. ನಮ್ಮ 6 ಎಂದರೆ 46 ಮಿಲಿಮೀಟರ್. ಅಮೆರಿಕದ 6 ಎಂದರೆ ಸುಮಾರು 52, ಅಂದರೆ ನಮ್ಮ ಲೆಕ್ಕದಲ್ಲಿ 12. ಇಂಗ್ಲೆಂಡಿನಲ್ಲಂತೂ ಅಂಕಿಯ ಬದಲು ಅಕ್ಷರಗಳು. ಆದರೆ ಮಿಲಿಮೀಟರ್ ಎಲ್ಲ ದೇಶಗಳಲ್ಲೂ ಒಂದೇ. ಮರುದಿನ ಆ ಉಂಗುರವನ್ನು ಕೊಯ್ದು, 6 ಮಿಲಿಮೀಟರ್ ಚಿನ್ನದ ತುಂಡು ಸೇರಿಸಿ ಬೆಸೆದು ಕೊಟ್ಟೆ. ಕೂಲಿ ಕೇಳುವ ಮುಖ ನನಗಿರಲಿಲ್ಲ.

ಸಮಯ ಉಳಿದಿರುವುದು ಸ್ವಲ್ಪವೇ, ಆದ್ದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದಾರ ಸುತ್ತಿ ಅಳತೆ ತರಬೇಡಿ ಎಂದು ಎಷ್ಟು ಸಲ ಹೇಳಿದರೂ ಜನ ದಾರವನ್ನೇ ತರುತ್ತಾರೆ. ಅದು ಎಳೆದಷ್ಟೂ ಹಿಗ್ಗುತ್ತದೆ. ಅಂಗಡಿಯಲ್ಲಿರುವ ಅಳತೆ ಉಂಗುರಗಳ ಗೊಂಚಲಿನಲ್ಲಿ ಒಂದೊಂದನ್ನೇ ಬೆರಳಿಗೆ ತೊಟ್ಟು ನೋಡಿ. ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ, ಸಂಜೆ ಕೊಂಚ ಊದಿರುತ್ತದೆ, ಆದ್ದರಿಂದ ಸಂಜೆಯೇ ಹೋಗಿ. ಅಳತೆ ಉಂಗುರ ಗೆಣ್ಣು ದಾಟುವಾಗ ತುಸು ತಡೆಯಬೇಕು, ಬುಡಕ್ಕಿಳಿದ ಮೇಲೆ ಸಲೀಸಾಗಿ ಕೂರಬೇಕು. ಮಾಡಿಸುವ ಉಂಗುರದ ಪಟ್ಟಿ ಅಗಲವಾಗಿದ್ದರೆ ಅಳತೆ ತುಸು ಸಡಿಲವಿರಲಿ. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ಆಮೇಲೆ ಹಿಗ್ಗಿಸಿಕೊಡಿ ಎಂದು ದಯವಿಟ್ಟು ಯಾರನ್ನೂ ಕೇಳಬೇಡಿ. ಗೊಂಚಲಿನಲ್ಲಿ ಹೊಂದಿದ ಉಂಗುರದ ಒಳಸುತ್ತಳತೆಯನ್ನು ಮಿಲಿಮೀಟರಿನಲ್ಲೇ ಚೀಟಿಯ ಮೇಲೆ ಬರೆಸಿಕೊಂಡು ಹೊರಡಿ. ನಮಸ್ಕಾರ.