ನಗರದ ಅಂಚಿಗೆ ಎಷ್ಟು ಗಂಟೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ದೂರದ ಊರಿಗೆ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮನೆಯಿಂದ ಎಷ್ಟು ಗಂಟೆಗೆ ಬಿಟ್ಟರೆ ಒಳ್ಳೆಯದು?" ರಸ್ತೆ ಸಂಚಾರದ ಲೆಕ್ಕ ಹಾಕುವುದೇ ನನ್ನ ಕಸುಬು, ಹಾಗಾಗಿ ಉತ್ತರ ಥಟ್ಟನೆ ಬರುತ್ತದೆಂದು ಕಾಯುತ್ತಾರೆ. ನಾನು ಪ್ರತಿಸಲ ತಿರುಗಿ ಕೇಳುತ್ತೇನೆ: "ದಾರಿಯಲ್ಲಿ ಸಿಗುವ ದೊಡ್ಡ ನಗರದ ಅಂಚನ್ನು ಎಷ್ಟು ಗಂಟೆಗೆ ಮುಟ್ಟುತ್ತೀರಿ?" ಅದನ್ನು ಹೆಚ್ಚಿನವರು ಯೋಚಿಸಿರುವುದೇ ಇಲ್ಲ. ಬೇಗ ಎದ್ದು ಹೊರಟುಬಿಟ್ಟರೆ ಆಯಿತು ಎಂಬ ನಂಬಿಕೆ. ಬೆಳಿಗ್ಗೆ 6ಕ್ಕೆ ಹೊರಟು, 3 ಗಂಟೆ ಸುಖವಾಗಿ ಓಡಿಸಿ, ಸರಿಯಾಗಿ 9ಕ್ಕೆ ನಗರದ ಬಾಯಿಗೆ ಹೋಗಿ ಬೀಳುತ್ತಾರೆ. ಅಷ್ಟು ಬೇಗ ಎದ್ದದ್ದು ದಂಡ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮೊದಲು ನಗರದ ಅಂಚು ಮುಟ್ಟುವ ಗಂಟೆಯನ್ನು ಗೊತ್ತುಮಾಡಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಮನೆ ಬಿಡುವ ಗಂಟೆ ತಾನಾಗಿ ಸಿಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ದಾರಿ ಒಟ್ಟು 600 ಕಿಲೋಮೀಟರ್, ದೊಡ್ಡ ನಗರ ಇರುವುದು 350ನೇ ಕಿಲೋಮೀಟರಿನಲ್ಲಿ. ಗಂಟೆಗೆ ಸರಾಸರಿ 70 ಕಿಲೋಮೀಟರ್ ಹಿಡಿದರೆ ಅಲ್ಲಿಗೆ 5 ಗಂಟೆ, ವಿಶ್ರಾಂತಿಗೆ ಅರ್ಧ ಗಂಟೆ, ಒಟ್ಟು ಐದೂವರೆ. ಮಧ್ಯಾಹ್ನ 12ಕ್ಕೆ ಹೊರಟವರು ನಗರ ಮುಟ್ಟುವುದು ಸಂಜೆ ಐದೂವರೆಗೆ. ಇಡೀ ದಿನದಲ್ಲಿ ಅದಕ್ಕಿಂತ ಕೆಟ್ಟ ಗಂಟೆ ಹುಡುಕಿದರೂ ಸಿಗುವುದಿಲ್ಲ. ಅದೇ ಜನ ಬೆಳಿಗ್ಗೆ 7ಕ್ಕೆ ಹೊರಟಿದ್ದರೆ ಮಧ್ಯಾಹ್ನ ಹನ್ನೆರಡೂವರೆಗೆ ನಗರ ಮುಟ್ಟಿ, ಸಲೀಸಾಗಿ ದಾಟಿ ಹೋಗುತ್ತಿದ್ದರು.

"ಒಂದರ್ಧ ಗಂಟೆ ಆಚೀಚೆ ಆದರೆ ಏನು ಮಹಾ?" ಅನ್ನುವವರಿದ್ದಾರೆ. ಅವರಿಗಾಗಿ ಸ್ವಲ್ಪ ಲೆಕ್ಕ. ಹೆದ್ದಾರಿಯ ಒಂದು ಪಥದಲ್ಲಿ ಗಂಟೆಗೆ ಸುಮಾರು 2000 ವಾಹನ ಸಾಗಬಲ್ಲವು. 3 ಪಥವಿದ್ದರೆ 6000. ಬೆಳಿಗ್ಗೆ 8ರಿಂದ 10ರವರೆಗೆ ಗಂಟೆಗೆ 7000 ವಾಹನ ಬಂದವು ಅನ್ನಿ. ಪ್ರತಿ ಗಂಟೆ 1000 ವಾಹನ ಉಳಿದುಬಿಡುತ್ತವೆ. 10 ಗಂಟೆಗೆ 2000 ವಾಹನಗಳ ಸಾಲು, ಬಾಲಕ್ಕೆ ಸೇರಿದವರಿಗೆ 20 ನಿಮಿಷ ಕಾಯುವ ಯೋಗ. ಈಗ ಗಮನಿಸಿ: ಹತ್ತರ ನಂತರ ಬರುವ ವಾಹನಗಳು ಗಂಟೆಗೆ 5000ಕ್ಕೆ ಇಳಿದರೂ ಆ ಸಾಲು ಪೂರ್ತಿ ಕರಗಲು ಮಧ್ಯಾಹ್ನ 12 ಆಗುತ್ತದೆ. ಎಂಟೂವರೆಗೆ ಬಂದವರು ಕಾಯುವುದು 5 ನಿಮಿಷ. 11 ಗಂಟೆಗೆ, "ಆಫೀಸಿನವರೆಲ್ಲ ಹೋಗಿ ಆಯಿತು" ಎಂದು ನಿಶ್ಚಿಂತೆಯಿಂದ ಬಂದವರು ಕಾಯುವುದು 10 ನಿಮಿಷ! ದಟ್ಟಣೆ ಶುರುವಾಗುವ ಮೊದಲೇ ದಾಟಿದವರಿಗೆ ಕಾಯುವ ಮಾತೇ ಇಲ್ಲ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರೆ 1969ರಲ್ಲೇ ಈ ಬಗೆಯ ಸಾಲುಗಳ ಲೆಕ್ಕವನ್ನು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ಹೀಗಾಗಿ ನಗರ ಮುಟ್ಟುವ ಗಂಟೆ ತಪ್ಪುವುದಿದ್ದರೆ ಮುಂಚಿತವಾಗಿ ತಪ್ಪಲಿ, ತಡವಾಗಿ ಬೇಡ.

ಇನ್ನು ಕೆಲವರಿಗೆ ತಮ್ಮ ಕೈಚಳಕದ ಮೇಲೆ ಬಲು ಭರವಸೆ. "ನಾನು ಹೇಗಾದರೂ ನುಸುಳಿಕೊಂಡು ಹೋಗುತ್ತೇನೆ" ಅನ್ನುತ್ತಾರೆ. ಅವರಿಗೆ ನಾನು ಜಪಾನಿನ ಒಂದು ಪ್ರಯೋಗದ ಕಥೆ ಹೇಳುತ್ತೇನೆ. ನನಗೆ ತುಂಬ ಪ್ರಿಯವಾದ ಕಥೆ, ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೊಡಿ.

ನಗೋಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಯುಕಿ ಸುಗಿಯಾಮ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಅದು, ಪ್ರಕಟವಾದದ್ದು 2008ರಲ್ಲಿ. ಬಯಲಿನಲ್ಲಿ 230 ಮೀಟರ್ ಸುತ್ತಳತೆಯ ಒಂದು ವೃತ್ತ, ಅದರ ಮೇಲೆ 22 ಕಾರು. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಗುಂಡಿ ಇಲ್ಲ, ದಾಟುವ ಜನರಿಲ್ಲ. ಚಾಲಕರಿಗೆ ಕೊಟ್ಟ ಸೂಚನೆ ಬಹಳ ಸರಳ: ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ, ಮುಂದಿನ ಕಾರಿನಿಂದ ಸುರಕ್ಷಿತ ಅಂತರ ಇಟ್ಟುಕೊಂಡು ಸುತ್ತುತ್ತಿರಿ. ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. 22 ಕಾರುಗಳೂ ಒಂದೇ ಹದದಲ್ಲಿ ಸುತ್ತುತ್ತಿದ್ದವು. ಆಮೇಲೆ ಯಾರೋ ಒಬ್ಬರು ಒಂದು ಕೂದಲೆಳೆಯಷ್ಟು ನಿಧಾನಿಸಿದರು. ಹಿಂದಿನವರು ಎಚ್ಚರಿಕೆಗೆಂದು ಇನ್ನೂ ಸ್ವಲ್ಪ ಹೆಚ್ಚು ನಿಧಾನಿಸಿದರು. ಅವರ ಹಿಂದಿನವರು ಇನ್ನಷ್ಟು. ಸ್ವಲ್ಪ ಹೊತ್ತಿನಲ್ಲಿ ವೃತ್ತದ ಒಂದು ಕಡೆ ಕಾರುಗಳು ನಿಂತೇಬಿಟ್ಟವು! ಮುಂದಿನ ಕಾರು ಬಿಡಿಸಿಕೊಂಡು ಹೋಗುತ್ತದೆ, ಹಿಂದಿನದು ಬಂದು ಸೇರಿಕೊಳ್ಳುತ್ತದೆ. ಕಾರುಗಳು ಮುಂದಕ್ಕೆ, ಜಾಮ್ ಮಾತ್ರ ಹಿಂದಕ್ಕೆ, ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ. ನಿಜವಾದ ಹೆದ್ದಾರಿಗಳಲ್ಲಿಯೂ ಈ ಅಲೆಗಳು ಹೆಚ್ಚುಕಡಿಮೆ ಇದೇ ವೇಗದಲ್ಲಿ ಹಿಮ್ಮುಖವಾಗಿ ಬರುತ್ತವೆ. ಆ ಪ್ರಯೋಗದ ವಿಡಿಯೋ ಇದೆ, ದಯವಿಟ್ಟು ನೋಡಿ. ಮಕ್ಕಳಿಗೂ ತೋರಿಸಿ. ನನಗಂತೂ ಎಷ್ಟು ಸಲ ನೋಡಿದರೂ ಬೇಸರವಾಗಿಲ್ಲ. ಅಲ್ಲಿ ಯಾರೂ ತಪ್ಪು ಮಾಡಲಿಲ್ಲ, ಅಪಘಾತವಾಗಲಿಲ್ಲ, ರಸ್ತೆ ಎಲ್ಲೂ ಕಿರಿದಾಗಲಿಲ್ಲ. ಇರುವ ಜಾಗಕ್ಕೆ ವಾಹನ ಹೆಚ್ಚಾಗಿದ್ದವು, ಅಷ್ಟೇ ಕಾರಣ.

ನಗರದ ಅಂಚಿನಲ್ಲಿ ಇದಕ್ಕಿಂತ ಕಷ್ಟದ ಸ್ಥಿತಿ. ಎಲ್ಲ ಕಡೆಯಿಂದ ರಸ್ತೆಗಳು ಬಂದು ಸೇರುವುದು ಅಲ್ಲೇ, ಜನ ಪಥ ಬದಲಿಸುವುದು ಅಲ್ಲೇ, ಬಸ್ಸು ನಿಲ್ಲುವುದು ಅಲ್ಲೇ. ಆ ದಟ್ಟಣೆಯೊಳಗೆ ಸಿಕ್ಕಮೇಲೆ ನೀವು ಎಷ್ಟು ನುರಿತ ಚಾಲಕರಾದರೂ ಒಂದೇ, ಹೊಸಬರಾದರೂ ಒಂದೇ. ನಿಮ್ಮ ಕೈಯಲ್ಲಿ ಉಳಿದಿರುವುದು ಅಂಚು ಮುಟ್ಟುವ ಗಂಟೆ ಮಾತ್ರ. ಅದನ್ನು ಬಿಟ್ಟುಕೊಡಬೇಡಿ.

ದಾರಿಯಲ್ಲಿ ತಡವಾಯಿತು, ಲೆಕ್ಕ ತಪ್ಪಿ ಸಂಜೆ 5ಕ್ಕೆ ನಗರದ ಹತ್ತಿರ ಬಂದಿದ್ದೀರಿ ಅನ್ನಿ. ಆಗ ಇನ್ನೂ 40–50 ಕಿಲೋಮೀಟರ್ ಇರುವಾಗಲೇ ನಿಲ್ಲಿಸಿ. ಊಟವೋ ವಿಶ್ರಾಂತಿಯೋ, ಉದ್ದನೆಯ ವಿರಾಮವನ್ನೆಲ್ಲ ನಗರಕ್ಕೆ ಮುಂಚೆಯೇ ಮುಗಿಸಿ. "ಮೊದಲು ನಗರ ದಾಟಿಬಿಡೋಣ, ಆಮೇಲೆ ಆರಾಮಾಗಿ ಕೂರೋಣ" ಎಂದು ಹಟ ಹಿಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೇಗೂ ಕಳೆಯಬೇಕಾದ ಒಂದು ಗಂಟೆಯನ್ನು ಕ್ಲಚ್ ತುಳಿಯುತ್ತಾ, ಹೊಗೆ ಕುಡಿಯುತ್ತಾ ಯಾಕೆ ಕಳೆಯಬೇಕು?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಗರ ತಪ್ಪಿಸಲೆಂದು ಇಡೀ ರಾತ್ರಿ ಓಡಿಸಬೇಡಿ. ಮಧ್ಯರಾತ್ರಿ 2ರಿಂದ 5ರವರೆಗೆ ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇಕಡ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ನಗರದ ಈಚೆಗೇ ಎಲ್ಲಾದರೂ ಉಳಿದು, ಚೆನ್ನಾಗಿ ಮಲಗಿ, ಬೆಳಿಗ್ಗೆ ಐದೂವರೆಗೆ ದಾಟಿ. ರಾತ್ರಿ ರಸ್ತೆ ಖಾಲಿ ಎಂಬುದೂ ಪೂರ್ತಿ ನಿಜವಲ್ಲ. ಹಗಲಲ್ಲಿ ಲಾರಿಗಳಿಗೆ ಪ್ರವೇಶವಿಲ್ಲದ ನಗರಗಳಲ್ಲಿ ರಾತ್ರಿ ಬಾಗಿಲು ತೆರೆಯುವ ಹೊತ್ತಿಗೆ ಅವೆಲ್ಲ ಅಂಚಿನಲ್ಲೇ ಸಾಲುಗಟ್ಟಿರುತ್ತವೆ.

ದಾರಿಯಲ್ಲಿ ಎರಡು ದೊಡ್ಡ ನಗರಗಳಿದ್ದರೆ ಹೆಚ್ಚು ಕಾಟ ಕೊಡುವ ನಗರಕ್ಕೆ ಗಂಟೆ ಹೊಂದಿಸಿ, ಇನ್ನೊಂದನ್ನು ವಿರಾಮದಿಂದ ಸರಿದೂಗಿಸಿ. ಸಾಲುರಜೆಯ ಹಿಂದಿನ ದಿನದ ಸಂಜೆ ಮಾತ್ರ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ, ಮರುದಿನ ನಸುಕಿಗೆ ಹೊರಡಿ. ಫೋನಿನ ನಕ್ಷೆ ಮಾಮೂಲಾಗಿ ತೋರಿಸುವುದು ಈ ಕ್ಷಣದ ದಟ್ಟಣೆಯನ್ನು. ನೀವು ಅಲ್ಲಿಗೆ ಹೋಗುವುದು 5 ಗಂಟೆ ಬಿಟ್ಟು. ಅದರಲ್ಲಿ ತಲುಪುವ ಸಮಯವನ್ನು ಕೊಡುವ ಸೌಲಭ್ಯ ಇರುತ್ತದೆ. ಅಲ್ಲಿ ಕೊನೆಯ ಊರಿನ ಹೆಸರು ಹಾಕಬೇಡಿ, ನಗರದ ಅಂಚಿನ ಜಾಗ ಹಾಕಿ.

ಕಾಯುತ್ತಿರುವ ನೆಂಟರಿಗೆ "ಸಂಜೆ 6 ಗಂಟೆಗೆ ಬರುತ್ತೇವೆ" ಎಂದು ಮಾತು ಕೊಡಬೇಡಿ, "6ರಿಂದ 8ರೊಳಗೆ" ಅನ್ನಿ. ಆರಕ್ಕೆ ಅಂದಿರೋ, ನಗರಕ್ಕೆ ಮುಂಚೆ ನಿಲ್ಲಬೇಕಾದ ಕಡೆ ನೀವು ನಿಲ್ಲುವುದೇ ಇಲ್ಲ. ನಮಸ್ಕಾರ.