ಅನ್‌ಡೂ ಇದ್ದರೆ ಕೈ ನಡುಗದು

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಸೃಜನಶೀಲತೆಗೆ ನೆರವಾಗುವ ತಂತ್ರಾಂಶ ಹೇಗಿರಬೇಕು, ಸ್ವಲ್ಪ ಮಾತಾಡಿ ಎಂದು ನಿಲಯದವರು ಕೇಳಿದ್ದಾರೆ. ವಿಷಯದ ಹೆಸರು ಕೇಳಿ ರೇಡಿಯೊ ಆರಿಸಬೇಡಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನೇ ಆಚೀಚೆ ತಿರುಗಿಸಿ ಹೇಳುತ್ತೇನೆ. ಹೊಸದೇನನ್ನಾದರೂ ಮಾಡಲು ಕೂತವರಿಗೆ ಕಂಪ್ಯೂಟರು ಮೊದಲು ಕೊಡಬೇಕಾದದ್ದು ಮಾಡಿದ್ದನ್ನು ರದ್ದು ಮಾಡಿ ಹಿಂದಕ್ಕೆ ಬರುವ ದಾರಿ. ಕಂಟ್ರೋಲ್ ಝಡ್ ಎಂದು ಒತ್ತುತ್ತೀರಲ್ಲ, ಆ ಅನ್‌ಡೂ. ಮಿಕ್ಕ ಬಣ್ಣ, ಬೆಡಗು, ನೂರೆಂಟು ಫಾಂಟು, ಎಲ್ಲ ಆಮೇಲೆ.

ಈ ಹೊತ್ತು ಕೇಳುತ್ತಿರುವವರಲ್ಲಿ ಮಗಳ ಮದುವೆಯ ಆಮಂತ್ರಣವನ್ನು ಮೊಬೈಲಿನಲ್ಲೇ ಮಾಡಿದ ಅಮ್ಮಂದಿರು ಇರಬಹುದು. ಶಾಲಾ ವಾರ್ಷಿಕೋತ್ಸವದ ವಿಡಿಯೊ ಕತ್ತರಿಸಿ ಜೋಡಿಸಿದ ಮೇಷ್ಟ್ರು ಇರಬಹುದು, ಕಥೆ ಕವಿತೆ ಟೈಪು ಮಾಡುವವರು ಇರಬಹುದು. ರಾತ್ರಿಯೆಲ್ಲ ಕೂತು ಆ್ಯಪ್ ಬರೆಯುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಂತೂ ಇದ್ದೇ ಇರುತ್ತೀರಿ. ಈ ಕೊನೆಯವರಿಗೆ ನನ್ನ ಮಾತು ಒಂಚೂರು ಖಾರವಾಗಿ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ರೇಷ್ಮೆ ರವಿಕೆಯ ಬಟ್ಟೆ ಕೈಗೆ ಬಂದಾಗ ಟೈಲರು ಏನು ಮಾಡುತ್ತಾರೆ? ಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆಯುತ್ತಾರೆ. ಸರಿಬರಲಿಲ್ಲವೆಂದರೆ ಒರೆಸಿ ಇನ್ನೊಂದು ಗೆರೆ ಎಳೆಯುತ್ತಾರೆ. ಗೆರೆ ಎಳೆಯುವಾಗ ಅವರ ಕೈ ಸಲೀಸು, ಕತ್ತರಿ ಹಿಡಿದಾಗ ಬಿಗಿ. ಕುತ್ತಿಗೆಯ ಹೊಸ ವಿನ್ಯಾಸ ಹೊಳೆಯುವುದು ಗೆರೆ ಎಳೆಯುವಾಗಲೇ. ನಮ್ಮ ಎಷ್ಟೋ ತಂತ್ರಾಂಶಗಳು ಜನರ ಕೈಗೆ ಬಿಲ್ಲೆ ಕೊಡದೆ ನೇರವಾಗಿ ಕತ್ತರಿ ಕೊಟ್ಟುಬಿಡುತ್ತವೆ. ಆಮೇಲೆ ನಮ್ಮ ಜನಕ್ಕೆ ಕಲ್ಪನೆ ಕಡಿಮೆ, ಎಲ್ಲರೂ ಅದೇ ಸಿದ್ಧ ನಮೂನೆಯನ್ನೇ ಬಳಸುತ್ತಾರೆ ಎಂದು ದೂರುತ್ತೇವೆ. ಕಲ್ಪನೆ ಬೇಕಾದಷ್ಟಿದೆ ಸ್ವಾಮಿ, ಹೆದರಿಕೆ ಅದಕ್ಕಿಂತ ಜಾಸ್ತಿ ಇದೆ.

ಇದಕ್ಕೊಂದು ಕತೆ ಹೇಳಬೇಕು. ನನಗೆ ತುಂಬ ಇಷ್ಟವಾದ ಕತೆ, ಹಾಗಾಗಿ ಸ್ವಲ್ಪ ಉದ್ದವಾದೀತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲೊ ಆಲ್ಟೊ ಅಂತ ಊರು. ಜೆರಾಕ್ಸ್ ಕಂಪನಿ 1970ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಹೌದು, ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಆಧಾರ್ ಕಾರ್ಡಿಗೆ ತೆಗೆಸುತ್ತೀರಲ್ಲ, ಅದೇ ಜೆರಾಕ್ಸ್. ಕೇಂದ್ರದ ಹೆಸರು ಪಾರ್ಕ್. ಮೌಸು, ಕಿಟಕಿಗಳು, ತೆರೆಯ ಮೇಲೆ ಕಂಡಂತೆಯೇ ಕಾಗದದ ಮೇಲೆ ಮುದ್ರಣ, ಇವೆಲ್ಲ ಒಂದೇ ಯಂತ್ರದಲ್ಲಿ ಕೂಡಿಬಂದದ್ದು ಅಲ್ಲಿ. ಆ ಯಂತ್ರಕ್ಕೆ ಬಟ್ಲರ್ ಲ್ಯಾಂಪ್‌ಸನ್, ಚಾರ್ಲ್ಸ್ ಸಿಮೊನಿ ಎಂಬ ಇಬ್ಬರು ಘಟಾನುಘಟಿಗಳು 1974ರ ಸುಮಾರಿಗೆ ಬ್ರಾವೊ ಎಂಬ ಬರವಣಿಗೆಯ ತಂತ್ರಾಂಶ ಮಾಡಿದರು. ಕಾಲಕ್ಕೆ ತಕ್ಕ ಅದ್ಭುತ, ಅನುಮಾನವಿಲ್ಲ. ಆದರೆ ಅದರಲ್ಲಿ ಒಂದು ತೊಡಕಿತ್ತು. ಕೀಲಿ ಒತ್ತಿದರೆ ಕೆಲವು ಸಲ ಅಕ್ಷರ ಮೂಡುತ್ತಿತ್ತು, ಕೆಲವು ಸಲ ಅದೇ ಕೀಲಿ ಆಜ್ಞೆಯಾಗುತ್ತಿತ್ತು. ಈಗ ಯಾವ ಸ್ಥಿತಿಯಲ್ಲಿದ್ದೇವೆ ಎನ್ನುವುದನ್ನು ಬರೆಯುವವರೇ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಈಗ ಒಬ್ಬರು ಬರೆಯುವ ಸ್ಥಿತಿಯಲ್ಲಿದ್ದೇನೆ ಅಂದುಕೊಂಡು ಎಡಿಟ್ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ ಒತ್ತಿದರು ಎನ್ನಿ. ಯಂತ್ರ ಆಜ್ಞೆಯ ಸ್ಥಿತಿಯಲ್ಲಿದೆ. ಮೊದಲ ಅಕ್ಷರ ಇ. ಇಡೀ ಬರಹವನ್ನು ಆಯ್ದುಕೋ ಎಂದು ಅರ್ಥ, ಆಯ್ದುಕೊಂಡಿತು. ಎರಡನೆಯದು ಡಿ, ಅಳಿಸು. ಅಳಿಸಿತು. ಮೂರನೆಯದು ಐ, ಹೊಸದಾಗಿ ಸೇರಿಸು. ಸರಿ, ಏನು ಸೇರಿಸಲಿ? ಟಿ. ಮುಗಿಯಿತು! ಬೆಳಗಿನಿಂದ ಬರೆದದ್ದೆಲ್ಲ ಹೋಗಿ ತೆರೆಯ ಮೇಲೆ ಒಂದೇ ಒಂದು ಟಿ ಅಕ್ಷರ ಕೂತಿದೆ. ಅಯ್ಯೋ ಎಂದು ಅನ್‌ಡೂ ಮಾಡಿದರೆ ಅದು ಹಿಂದಕ್ಕೆ ಹೋಗುವುದು ಒಂದೇ ಹೆಜ್ಜೆ. ಇದ್ದ ಆ ಟಿ ಕೂಡ ಹೋಗುತ್ತದೆ.

ನಗು ಬರುತ್ತದೆ. ನಮ್ಮ ಬರಹ ಹೋದಾಗ ಬರುವುದಿಲ್ಲ.

ಅದೇ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಎಂಬೊಬ್ಬರಿದ್ದರು. ಜೆರಾಕ್ಸ್ ಕಂಪನಿಗೆ ಸೇರಿದ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆ ಬಾಸ್ಟನ್ ಹತ್ತಿರ ಇತ್ತು, ಅಲ್ಲಿನ ಸಂಪಾದಕರಿಗೆ ಒಂದು ತಂತ್ರಾಂಶ ಬೇಕಾಗಿತ್ತು. ಟೆಸ್ಲರ್ ಮತ್ತು ಗಿನ್ ಕಡೆಯ ಟಿಮ್ ಮಾಟ್ ಸೇರಿ ಮಾಡಿದ ಮೊದಲ ಕೆಲಸ ಕೇಳಿ. ಕೋಡ್ ಬರೆಯಲಿಲ್ಲ. ಸಂಪಾದಕರು ಕಾಗದ, ಪೆನ್ಸಿಲ್ಲು, ಕತ್ತರಿ, ಗೋಂದು ಇಟ್ಟುಕೊಂಡು ಹೇಗೆ ಕೆಲಸ ಮಾಡುತ್ತಾರೆಂದು ನೋಡಿದರು. ಟೆಸ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೇಂದ್ರಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಕಾರ್ಯದರ್ಶಿಯನ್ನು, ಕಂಪ್ಯೂಟರಿನ ಅಭ್ಯಾಸಗಳು ಇನ್ನೂ ಅಂಟಿರದ ಹೆಣ್ಣುಮಗಳನ್ನು, ಖಾಲಿ ತೆರೆಯ ಮುಂದೆ ಕೂರಿಸಿದರು. ಇಲ್ಲೊಂದು ಪುಟ ಇದೆ ಅಂದುಕೊಳ್ಳಿ, ಈ ಪದ ತೆಗೆಯಬೇಕು, ಈ ಸಾಲು ಅಲ್ಲಿಗೆ ಹೋಗಬೇಕು, ನೀವಾದರೆ ಏನು ಮಾಡುತ್ತೀರಿ ಎಂದು ಕೇಳಿ ಆಕೆ ಹೇಳಿದ್ದನ್ನು ಬರೆದುಕೊಂಡರು. ಇಲ್ಲಿ ಬೆರಳಿಟ್ಟು ತೋರಿಸುತ್ತೇನೆ, ಬರೆಯುತ್ತೇನೆ, ಅಷ್ಟೇ. ಯಾವ ಸ್ಥಿತಿಯೂ ಇಲ್ಲ, ಯಾವ ಆಜ್ಞೆಯೂ ಇಲ್ಲ. ಆ ವಿಚಾರಣೆಯಿಂದ ಹುಟ್ಟಿದ್ದು 1975ರ ಜಿಪ್ಸಿ ಎಂಬ ತಂತ್ರಾಂಶ. ಇವತ್ತು ನೀವು ದಿನಾ ಬಳಸುವ ಕಟ್, ಕಾಪಿ, ಪೇಸ್ಟ್ ಗಟ್ಟಿಯಾಗಿ ನೆಲೆ ಕಂಡದ್ದು ಅದರಲ್ಲಿ. ಟೆಸ್ಲರ್‌ಗೆ ಈ ಸ್ಥಿತಿಗಳ ಮೇಲೆ ಎಷ್ಟು ಸಿಟ್ಟೆಂದರೆ, ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೇ ನೋ ಮೋಡ್ಸ್, ಅಂದರೆ ಸ್ಥಿತಿಗಳೇ ಬೇಡ, ಎಂದು ಹಾಕಿಸಿಕೊಂಡಿದ್ದರು. 2020ರಲ್ಲಿ ತೀರಿಕೊಂಡರು.

ಕತೆಯನ್ನು ಯಾಕೆ ಇಷ್ಟು ಎಳೆದೆ? ಬ್ರಾವೊ ಮಾಡಿದವರು ದಡ್ಡರಲ್ಲ, ಜಗತ್ತಿನ ಅತಿ ಬುದ್ಧಿವಂತರು. ಎರಡು ವಾರ ಬಳಸಿದರೆ ಯಾರಿಗಾದರೂ ಅಭ್ಯಾಸವಾಗುತ್ತದೆ ಎನ್ನುವುದು ಇಂಥವರ ವಾದ. ಅಭ್ಯಾಸ ಆಗುತ್ತದೆ, ನಿಜ. ಆದರೆ ಅರ್ಧ ಮನಸ್ಸು ಕಾವಲು ಕಾಯುತ್ತಿರುತ್ತದೆ. ಎಲ್ಲಿ ತಪ್ಪು ಒತ್ತಿಬಿಡುತ್ತೇನೋ ಎಂದು ಕಾವಲು ಕೂತ ಮನಸ್ಸು ಕವಿತೆ ಬರೆಯುವುದಿಲ್ಲ.

ಸರಿ, ಮುಂದೆ. ಟೆಸ್ಲರ್ ಆಮೇಲೆ ಸೇರಿದ ಆ್ಯಪಲ್ ಕಂಪನಿ 1984ರಲ್ಲಿ ಮೆಕಿಂಟಾಷ್ ಬಿಟ್ಟಿತು. ಅದರ ಜೊತೆ ಬಂದ ಚಿತ್ರ ಬರೆಯುವ ತಂತ್ರಾಂಶ ಮ್ಯಾಕ್‌ಪೇಂಟ್, ಬರೆದವರು ಬಿಲ್ ಅಟ್ಕಿನ್ಸನ್. ಆ ಯಂತ್ರದ ಒಟ್ಟು ನೆನಪಿನ ಶಕ್ತಿ 128 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರವೂ ಅದರಲ್ಲಿ ಹಿಡಿಸುವುದು ಕಷ್ಟ. ಅಷ್ಟು ಇಕ್ಕಟ್ಟಿನಲ್ಲೂ ಅಟ್ಕಿನ್ಸನ್ ಕಾಣುವ ಚಿತ್ರದ ಎರಡು ಪ್ರತಿ ಇಟ್ಟುಕೊಂಡರು, ಒಂದು ಈಗಿನದು, ಇನ್ನೊಂದು ಒಂದು ಕ್ಷಣ ಹಿಂದಿನದು. ಯಾಕೆ? ಬರೆದ ಗೆರೆ ಬೇಡವೆನಿಸಿದರೆ ಹಳೆಯದನ್ನು ತಕ್ಷಣ ಮರಳಿಸಲು. ಈಗ ಗಿಗಾಬೈಟ್‌ಗಟ್ಟಲೆ ಜಾಗ ಇಟ್ಟುಕೊಂಡು ಅನ್‌ಡೂಗೆ ಜಾಗ ಇಲ್ಲ ಎನ್ನುವವರಿಗೆ ನಾನು ಈ 128 ಕಿಲೋಬೈಟನ್ನು ತೋರಿಸುತ್ತೇನೆ.

ಫೋಟೊ ತಿದ್ದುವ ತಂತ್ರಾಂಶ ಫೋಟೊಶಾಪ್ 1990ರಲ್ಲಿ ಬಂದಾಗಲೂ ಹಿಂದಕ್ಕೆ ಒಂದೇ ಹೆಜ್ಜೆ. 1998ರ ಐದನೆಯ ಆವೃತ್ತಿಯಲ್ಲಿ ಹಿಸ್ಟರಿ ಪಟ್ಟಿ ಬಂತು, ಮಾಡಿದ ಕೆಲಸಗಳೆಲ್ಲ ಸಾಲಾಗಿ ನಿಂತವು, ಯಾವುದರ ಮೇಲೆ ಒತ್ತಿದರೂ ಅಲ್ಲಿಗೆ ಮರಳಬಹುದು. ಹಿಂದೆ ಬರುವುದಷ್ಟೇ ಸಾಲದು, ಎಷ್ಟು ದೂರ ಹಿಂದೆ ಬರಬಹುದು ಎನ್ನುವುದೂ ಮುಖ್ಯ. ಒಂದು ಹೆಜ್ಜೆಯ ಅನ್‌ಡೂ ಕೈತಪ್ಪನ್ನು ಸರಿಪಡಿಸುತ್ತದೆ. ಇಪ್ಪತ್ತು ಹೆಜ್ಜೆಯದು ಅರ್ಧ ಗಂಟೆ ಅಡ್ಡದಾರಿ ಹಿಡಿದು ನೋಡುವ ಧೈರ್ಯ ಕೊಡುತ್ತದೆ.

ಚಿತ್ರ, ಕವಿತೆ ಮಾತ್ರ ಸೃಜನಶೀಲತೆ ಅಂದುಕೊಳ್ಳಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕಪ್ಪುಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಉಳಿದದ್ದನ್ನೆಲ್ಲ ಒರೆಸಿ ಬರೆಯುವ ಪಾಡು ಕಂಡು, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಕೋಷ್ಟಕದ ತಂತ್ರಾಂಶ ತಂದರು. ಎಕ್ಸೆಲ್‌ನ ಅಜ್ಜ. ಬಡ್ಡಿ ಇಷ್ಟಾದರೆ ಏನಾಗುತ್ತದೆ, ಅಷ್ಟಾದರೆ ಏನಾಗುತ್ತದೆ, ಬೇಡ ಹಳೆಯದೇ ಇರಲಿ. ಅಂಕಿಗಳ ಜೊತೆ ಜನ ಆಟವಾಡತೊಡಗಿದ್ದು ಆಗ.

ಈಗ ನಮ್ಮ ಮನೆ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಟೈಪು ಮಾಡುವವರೇ, ಸ್ತ್ರೀ ಎಂದು ಬರೆದು ನೋಡಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯ ಒಳಗೆ ಅದು ಆರು ತುಣುಕು: ಸಕಾರ, ವಿರಾಮ ಎಂಬ ಅರ್ಧಾಕ್ಷರದ ಗುರುತು, ತಕಾರ, ಮತ್ತೆ ವಿರಾಮ, ರಕಾರ, ಕೊನೆಗೆ ದೀರ್ಘ ಈಕಾರದ ಗುರುತು. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದೊಂದೇ ತುಣುಕು ಉದುರುತ್ತದೆ. ಎಷ್ಟೋ ತಂತ್ರಾಂಶಗಳಲ್ಲಿ ಡಿಲೀಟ್ ಒತ್ತಿದರೆ ಇಡೀ ಅಕ್ಷರ ಒಮ್ಮೆಗೇ ಮಾಯ. ಇನ್ನು ಅನ್‌ಡೂ ಒಂದು ಕಡೆ ಒಂದೇ ಪದ ಮರಳಿಸಿದರೆ ಇನ್ನೊಂದು ಕಡೆ ಇಡೀ ಪ್ಯಾರಾ ನುಂಗುತ್ತದೆ. ಪ್ರತಿ ಆ್ಯಪಿನಲ್ಲೂ ಒಂದೊಂದು ನ್ಯಾಯ. ಒತ್ತಕ್ಷರ ತಿದ್ದುವುದಕ್ಕೆ ಹೋಗಿ ಪದವೇ ಕೆಟ್ಟು, ಬೇಡಪ್ಪ ಈ ಸಹವಾಸ ಎಂದು ಇಂಗ್ಲಿಷ್ ಲಿಪಿಗೆ ಜಾರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಕನ್ನಡಾಭಿಮಾನದ ಪಾಠ ಹೇಳುವ ಮುಂಚೆ ತಂತ್ರಾಂಶ ಮಾಡಿದವರು ಕೂತು ಒಂದು ಪುಟ ಕನ್ನಡ ಟೈಪು ಮಾಡಿ ತಿದ್ದಲಿ. ಹಿಂದಕ್ಕೆ ಇಡುವ ಹೆಜ್ಜೆಯ ಅಳತೆಯನ್ನು ಬರೆಯುವವರ ಮನಸ್ಸಿಗೆ ಹೊಂದಿಸಬೇಕು. ಯಂತ್ರದ ಲೆಕ್ಕ ಯಾರಿಗೆ ಬೇಕು?

ಗಡಿಯಾರ ನೋಡಿದರೆ ಸಮಯ ಆಗಲೇ ಓಡಿದೆ. ಇನ್ನೂ ಹೇಳುವುದಿತ್ತು, ಬೇಗ ಬೇಗ ಹೇಳಿಬಿಡುತ್ತೇನೆ.

ಆ್ಯಪ್ ಮಾಡುವ ಮಕ್ಕಳೇ, ಅನ್‌ಡೂವನ್ನು ಮುಂದಿನ ಆವೃತ್ತಿಗೆ ನೋಡಿಕೊಳ್ಳೋಣ ಎನ್ನುವ ಮಾತನ್ನು ದಯವಿಟ್ಟು ಬಿಡಿ. ಪ್ರತಿ ಕೆಲಸ ಮಾಡುವಾಗಲೇ ಅದನ್ನು ಮರಳಿಸುವುದು ಹೇಗೆಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತಾ ಹೋಗಬೇಕು, ಅದೇ ಅನ್‌ಡೂ. ಅದನ್ನು ಮೊದಲ ದಿನವೇ ಯೋಚಿಸಿದರೆ ಸುಲಭ, ಕಟ್ಟಡ ಎದ್ದ ಮೇಲೆ ಸೇರಿಸಲು ಹೋದರೆ ಗೋಡೆ ಒಡೆಯಬೇಕು. ಮತ್ತೆ ಆ ಖಚಿತವೇ ಎಂದು ಕೇಳುವ ಪೆಟ್ಟಿಗೆ! ಅಳಿಸಲೇ, ನಿಜವಾಗಿಯೂ ಅಳಿಸಲೇ? ಅದನ್ನು ಯಾರೂ ಓದುವುದಿಲ್ಲ, ಬೆರಳು ತಾನಾಗಿ ಹೌದು ಎನ್ನುತ್ತದೆ. ಜಿಮೇಲ್ ನೋಡಿ ಕಲಿಯಿರಿ. ಅಲ್ಲಿ ಕಳಿಸಿದ ಪತ್ರವನ್ನು ರದ್ದು ಮಾಡುವ ಅವಕಾಶ 30 ಸೆಕೆಂಡಿನವರೆಗೆ ಇಟ್ಟುಕೊಳ್ಳಬಹುದು. ಹೋದ ಪತ್ರವನ್ನು ಅವರೇನು ಹಿಡಿದು ತರುವುದಿಲ್ಲ, ಅಷ್ಟು ಹೊತ್ತು ಕಳಿಸದೇ ತಡೆದಿರುತ್ತಾರೆ. ಕೇಳಿ ಕೇಳಿ ಪೀಡಿಸುವ ಬದಲು ಮಾಡಲು ಬಿಟ್ಟು, ಮರಳಲು ಬಿಡುತ್ತಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಇದನ್ನು 1980ರ ದಶಕದಲ್ಲೇ ತಮ್ಮ ವಿನ್ಯಾಸದ ಎಂಟು ನಿಯಮಗಳಲ್ಲಿ ಒಂದಾಗಿ ಬರೆದಿಟ್ಟರು, ನಾವಿನ್ನೂ ಓದುತ್ತಿದ್ದೇವೆ.

ಹೇಳಿದ್ದನ್ನು ಚಿತ್ರ ಬರೆದುಕೊಡುವ ಹೊಸ ಎಐ ಆ್ಯಪ್‌ಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಮೂಗುತಿ ಮಾತ್ರ ಬದಲಿಸು ಎಂದರೆ ಕೆಲವು ಸಲ ಮುಖವನ್ನೇ ಬದಲಿಸಿಕೊಡುತ್ತವೆ. ಹಿಂದಿನ ಮುಖ ಹಾಗೆಯೇ ಬೇಕೆಂದರೆ ಸಿಗುವುದೇ, ಅದನ್ನು ಪರೀಕ್ಷಿಸಿ ಅಂಕ ಕೊಡಿ.

ಮನೆಯಲ್ಲಿ ಕೂತು ಬರೆಯುವವರಿಗೆ ಎರಡು ಮಾತು. ಐಫೋನ್ ಇದ್ದರೆ ಬರೆಯುವಾಗ ತೆರೆಯ ಮೇಲೆ ಮೂರು ಬೆರಳಿಟ್ಟು ಎಡಕ್ಕೆ ಸರಿಸಿ, ಅನ್‌ಡೂ ಆಗುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಬಳಸುವವರು ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆಗೆಯಿರಿ, ಈಗಿನ ರೂಪಕ್ಕೆ ಒಂದು ಹೆಸರು ಕೊಟ್ಟು ಇಡಿ. ಆಮೇಲೆ ನಿಮ್ಮ ಕಥೆಯ ನಾಯಕನನ್ನು ಬೇಕಾದರೆ ಮೊದಲ ಪುಟದಲ್ಲೇ ಸಾಯಿಸಿ ನೋಡಿ. ಸರಿಬರದಿದ್ದರೆ ಎಬ್ಬಿಸಿಕೊಂಡು ಬನ್ನಿ.

ನಮಸ್ಕಾರ.