ಸಹಿ ಹಾಕುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಪಂಚಾಯಿತಿ ಹಣದಲ್ಲಿ ಯಾವ ಕೆಲಸ ಆಗಬೇಕೆಂದು ಜನರೇ ಹೇಳುವ ವಾರ್ಡ್ ಸಭೆ ಶಾಲೆಯ ಅಂಗಳದಲ್ಲಿ ನಡೆದಿತ್ತು. ಸ್ವಾಗತ ಕಮಾನು ಬೇಕು, ಸಮುದಾಯ ಭವನ ಬೇಕು ಎಂದು ಮುಂದಿನ ಸಾಲಿನವರು ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ಅವರ ಮಾತು ಮುಗಿಯುವವರೆಗೆ ಕಾದು ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತು, ಮಡಚಿ ತಂದಿದ್ದ ಗೋಡೆ ಕ್ಯಾಲೆಂಡರಿನ ಹಾಳೆಯನ್ನು ಬಿಚ್ಚಿದರು. ನಲ್ಲಿಗೆ ನೀರು ಬಂದ ದಿನಕ್ಕೆಲ್ಲ ಒಂದೊಂದು ಸುತ್ತು ಹಾಕಿದ್ದರು. ಇಡೀ ತಿಂಗಳಿಗೆ ಸುತ್ತುಗಳು ಒಂಬತ್ತೇ.

"ಬೋರು ಸರಿಯಾಗಿದೆ ಸ್ವಾಮಿ, ನಮ್ಮ ಓಣಿಯ ಪೈಪು ಒಡೆದಿದೆ. ಇದನ್ನು ಬರೆದುಕೊಳ್ಳಿ" ಎಂದರು.

ಆ ಬೇಡಿಕೆಗೆ ಎಷ್ಟು ತೂಕವಿತ್ತು ಎಂಬುದನ್ನು ಹೇಳಲೇಬೇಕು. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ನಿಗದಿಪಡಿಸಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣದಲ್ಲಿ ಕಮಾನು ಕಟ್ಟಲು ಬರುತ್ತಿರಲಿಲ್ಲ, ಪೈಪು ಹಾಕಲು ಬರುತ್ತಿತ್ತು. ಯಾವ ಹಣ ಯಾವುದಕ್ಕೆ ಎಂಬುದನ್ನು ಸಭೆಯ ಆರಂಭದಲ್ಲೇ ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನು ಈ ಸಭೆಗಳನ್ನು ಕಡ್ಡಾಯ ಮಾಡಿದೆ. ಇಡೀ ಪಂಚಾಯಿತಿಗೆ ಸೇರಿದ ಗ್ರಾಮ ಸಭೆಯ ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಜನರೇ ಬಜೆಟ್ಟಿನ ಆದ್ಯತೆ ಹೇಳತೊಡಗಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಂಥ ಅಧಿಕಾರ ನಮ್ಮೂರಿನ ಶಾಲೆಯಂಗಳದಲ್ಲೂ ಇದೆ.

ನಗರದಲ್ಲಿ ಹೀಗೆ ಸಭೆಗೆ ಬಂದು ಮಾತಾಡುವುದು ಇನ್ನೂ ಕಷ್ಟ. ದಾವಣಗೆರೆಯಂಥ ಊರಿನಲ್ಲಿ ಬಜೆಟ್ಟಿನ ಪೂರ್ವಭಾವಿ ಸಭೆಯನ್ನು ಬೆಳಗ್ಗೆ 11 ಗಂಟೆಗೆ ಕರೆದರೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಗಳು ಬರುವುದು ಹೇಗೆ? ದಿನದ ಕೂಲಿ ಬಿಟ್ಟು ಬಾ ಎನ್ನುವುದು ನ್ಯಾಯವಲ್ಲ. ಸಂಜೆ, ಅವಳ ಓಣಿಯಲ್ಲೇ ಸಭೆ ಸೇರಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ.

ನನ್ನದೊಂದು ತಪ್ಪನ್ನೂ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಸಭೆಯ ಕೊನೆಯಲ್ಲಿ ನಡಾವಳಿ ಪುಸ್ತಕ ನನ್ನ ಮುಂದೆ ಬಂತು. ಹಾಳೆ ಖಾಲಿಯಿತ್ತು. ಬಸ್ಸಿಗೆ ಹೊತ್ತಾಗಿತ್ತು, ಸಹಿ ಹಾಕಿದೆ. ಆಮೇಲೆ ನೋಡಿದರೆ ಯಾರೂ ಕೇಳದ ಕಾಮಗಾರಿಯೊಂದು ಅದೇ ಹಾಳೆಯಲ್ಲಿ ಸರ್ವಾನುಮತದ ಠರಾವಾಗಿ ಕುಳಿತಿತ್ತು, ಕೆಳಗೆ ನನ್ನ ಸಹಿ. ಆ ನೋವು ಇಂದಿಗೂ ಹೋಗಿಲ್ಲ.

ಚಳ್ಳಕೆರೆ ಸೀಮೆಯ ಆ ತಾಯಿಯ ಮುಂದೆಯೂ ಪುಸ್ತಕ ಬಂತು. ಅವರಿಗೆ ಓದಲು ಬರುವುದಿಲ್ಲ. "ನಮ್ಮ ಓಣಿಯ ಪೈಪಿನ ವಿಷಯ ಎಲ್ಲಿ ಬರೆದಿದ್ದೀರಿ, ಗಟ್ಟಿಯಾಗಿ ಓದಿ" ಎಂದರು. ಕಾರ್ಯದರ್ಶಿ ಹುಡುಕಿದರು. ಆ ಸಾಲು ಇರಲಿಲ್ಲ. ಅಲ್ಲೇ ಕುಳಿತು ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ಆ ತಾಯಿ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಒತ್ತಿದರು.

ನಮಸ್ಕಾರ.